ಜಾಯಿಕಾಯಿ, ಹಡಗು, ಪ್ರೀತಿ: ಕಥೆ ಚೆನ್ನಾಗಿದೆ, ಗಿಡಕ್ಕೆ ಮಾತ್ರ ಅನ್ಯಾಯ

ಸಾಂಬಾರ ಪದಾರ್ಥಗಳ ವ್ಯಾಪಾರವನ್ನು ಹಿನ್ನೆಲೆಯಾಗಿ ಇಟ್ಟುಕೊಂಡ ಪ್ರೇಮ ಕಾದಂಬರಿಗಳು ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಬರುತ್ತಿವೆ. ಮುಖಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ. ಬೆನ್ನು ತೋರಿಸಿ ನಿಂತ ಹೆಣ್ಣು, ನೆಲಕ್ಕೆ ತಾಗುವ ಗೌನು, ದೂರದಲ್ಲೊಂದು ಹಡಗು, ಮೂಲೆಯಲ್ಲಿ ಒಂದು ಎಲೆ. ನಾನು ಮೊದಲು ನೋಡುವುದು ಆ ಎಲೆಯನ್ನು. ಸಸ್ಯಶಾಸ್ತ್ರ ಪಾಠ ಮಾಡುತ್ತಲೇ ನೌಕರಿ ಮುಗಿಸಿದವಳು ನಾನು, ಚಟ ಹೋಗುವುದಿಲ್ಲ. ಈಗ ಓದಿ ಮುಗಿಸಿದ ಪುಸ್ತಕದ ಕಥೆಯೆಲ್ಲ ಜಾಯಿಕಾಯಿ ಗಿಡದ ಸುತ್ತ. ಮುಖಪುಟದಲ್ಲಿ ಇರುವುದು ಅಪ್ಪಟ ಮಾವಿನೆಲೆ. ಇರಲಿ, ಚಿತ್ರ ಬಿಡಿಸಿದವರು ಬೇರೆ, ಬರೆದವರು ಬೇರೆ ಅಂತ ಒಳಗೆ ಹೋದೆ.

ಪುಸ್ತಕದ ಹೆಸರು ಬೇಕೆಂದೇ ಹೇಳುತ್ತಿಲ್ಲ. ಈ ಜಾತಿಯ ಹಲವು ಕಾದಂಬರಿಗಳನ್ನು ಓದಿದ್ದೇನೆ, ಮುಂದೆ ಹೇಳುವ ದೂರುಗಳಲ್ಲಿ ಹೆಚ್ಚಿನವು ಎಲ್ಲಕ್ಕೂ ಹೊಂದುತ್ತವೆ. ಒಂದರ ಹೆಸರು ಹೇಳಿದರೆ ಉಳಿದವು ಸುಮ್ನೆ ತಪ್ಪಿಸಿಕೊಳ್ಳುತ್ತವೆ. ಅದೂ ಅಲ್ಲದೆ ಇದು ಲೇಖಕಿಯ ಮೊದಲ ಪುಸ್ತಕ. ಬರೆಯುವ ಕೈ ಚೆನ್ನಾಗಿದೆ. ಎರಡನೆಯದನ್ನೂ ಬರೆಯಲಿ.

ಕಥೆ ಇಷ್ಟು. ಕಾಲ 1768ರಿಂದ ಮುಂದಕ್ಕೆ. ಜಾಗ ಹಿಂದೂ ಮಹಾಸಾಗರದ ಐಲ್ ದ ಫ್ರಾನ್ಸ್, ಅಂದರೆ ಈಗಿನ ಮಾರಿಷಸ್. ಫ್ರಾನ್ಸಿನಿಂದ ಒಬ್ಬ ಹುಡುಗಿ ತನ್ನ ಸೋದರಮಾವನ ಜೊತೆ ಅಲ್ಲಿಗೆ ಬರುತ್ತಾಳೆ. ಮಾವ ಪಾಂಪ್ಲ್‌ಮೂಸ್ ತೋಟದಲ್ಲಿ ಲೆಕ್ಕ ಬರೆಯುವವನು. ಹುಡುಗಿಗೆ ಗಿಡಗಳ ಚಿತ್ರ ಬಿಡಿಸುವುದು ಬರುತ್ತದೆ. ಇನ್ನೊಂದು ಕಡೆ ಒಬ್ಬ ನಾವಿಕ. ಡಚ್ಚರ ಕಣ್ಣು ತಪ್ಪಿಸಿ ಈಗಿನ ಇಂಡೋನೇಷ್ಯಾದ ಮೊಲುಕ್ಕಾಸ್ ದ್ವೀಪಗಳಿಂದ ಜಾಯಿಕಾಯಿ, ಲವಂಗದ ಗಿಡ ತರುವ ಹಡಗಿನಲ್ಲಿ ಕೆಲಸ. ಇಬ್ಬರೂ ಸಿಗುತ್ತಾರೆ, ಜಗಳ ಆಡುತ್ತಾರೆ, ದೂರ ಆಗುತ್ತಾರೆ. ಮಧ್ಯೆ ಒಬ್ಬ ಶ್ರೀಮಂತ ಮುದುಕ ಹುಡುಗಿಯನ್ನು ಕೇಳಿಕೊಂಡು ಬರುತ್ತಾನೆ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಹೇಳದಿದ್ದರೂ ನಿಮಗೆ ಗೊತ್ತು.

ಕಾಲ ಮತ್ತು ಜಾಗವನ್ನು ಆರಿಸಿಕೊಂಡದ್ದಕ್ಕೆ ಲೇಖಕಿಗೆ ಪೂರ್ತಿ ಅಂಕ ಕೊಡುತ್ತೇನೆ. ಆ ದ್ವೀಪದ ಆಡಳಿತಾಧಿಕಾರಿ ಪಿಯೆರ್ ಪುವಾವ್ರ್ ನಿಜಕ್ಕೂ ಇದ್ದವನು. ಕಾದಂಬರಿಕಾರರು ಕಲ್ಪಿಸಿಕೊಳ್ಳಲು ಹೆದರುವಂಥ ಜೀವನ ಅವನದು. ಮೊದಲು ಕ್ರೈಸ್ತ ಮಿಷನರಿ ಆಗಬೇಕೆಂದು ಪೂರ್ವಕ್ಕೆ ಹೊರಟವನು. 1745ರಲ್ಲಿ ಸಮುದ್ರದ ಮೇಲೆ ಇಂಗ್ಲಿಷರ ಜೊತೆ ನಡೆದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಬಲಗೈ ಹೋಯಿತು. ಸೆರೆ ಸಿಕ್ಕವನು ಡಚ್ಚರ ಬಟೇವಿಯಾ, ಅಂದರೆ ಈಗಿನ ಜಕಾರ್ತ, ಸೇರಿದ. ಅಲ್ಲಿ ಕುಳಿತು ಸಾಂಬಾರ ವ್ಯಾಪಾರದ ಒಳಗುಟ್ಟು ತಿಳಿದುಕೊಂಡ. ಜಾಯಿಕಾಯಿ ಮತ್ತು ಲವಂಗ ಬೆಳೆಯುವ ದ್ವೀಪಗಳ ಮೇಲೆ ಡಚ್ಚರ ಹಿಡಿತ ಎಷ್ಟು ಬಿಗಿ, ಸಂದು ಎಲ್ಲಿದೆ, ಎಲ್ಲವನ್ನೂ ನೋಡಿಕೊಂಡ. ಆ ಗಿಡಗಳನ್ನು ಫ್ರೆಂಚರ ನೆಲದಲ್ಲಿ ಬೆಳೆಸಬೇಕು ಅನ್ನುವ ಹುಚ್ಚು ಆಮೇಲೆ ಬಿಡಲೇ ಇಲ್ಲ. 1767ರಲ್ಲಿ ಐಲ್ ದ ಫ್ರಾನ್ಸಿಗೆ ಅಧಿಕಾರಿಯಾಗಿ ಬಂದ. 1770ರಲ್ಲಿ ಅವನು ಕಳಿಸಿದ ಹಡಗುಗಳು ನಿಜವಾಗಿಯೂ ಗಿಡ ತಂದವು. 1772ರಲ್ಲಿ ಎರಡನೇ ಸಲವೂ ತಂದವು. ಅದೇ ವರ್ಷ ಅವನು ಫ್ರಾನ್ಸಿಗೆ ವಾಪಸು ಹೋದ. ಜಾಯಿಕಾಯಿ ಗಿಡ ಕಾಯಿ ಬಿಡುವುದಕ್ಕೆ ಏಳೆಂಟು ವರ್ಷ ಬೇಕು. ಅಂದರೆ ಜೀವಮಾನವಿಡೀ ಯಾವ ಗಿಡದ ಹಿಂದೆ ಬಿದ್ದಿದ್ದನೋ ಅದು ಆ ನೆಲದಲ್ಲಿ ಕಾಯಿ ಬಿಟ್ಟದ್ದನ್ನು ಅವನು ನೋಡಲೇ ಇಲ್ಲ.

ಇಂಥ ಮನುಷ್ಯನನ್ನು ಈ ಕಾದಂಬರಿಯಲ್ಲಿ ಏನು ಮಾಡಿದ್ದಾರೆ ಗೊತ್ತಾ? ಬಾಗಿಲಲ್ಲಿ ನಿಂತು ಕೆಮ್ಮುವ ಮುದುಕ. ಎರಡು ಕಡೆ ಬರುತ್ತಾನೆ, ನಾಯಕಿಗೆ ಬಣ್ಣದ ಪೆಟ್ಟಿಗೆ ಕೊಡುತ್ತಾನೆ, ಹೋಗುತ್ತಾನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಒಳ್ಳೆಯದು ತುಂಬಾ ಒಳ್ಳೆಯದಾಗಿದೆ. ಒಂಬತ್ತನೇ ಅಧ್ಯಾಯದಲ್ಲಿ ನಾಯಕಿ ಜೀವನದಲ್ಲಿ ಮೊದಲ ಸಲ ಹಸಿ ಜಾಯಿಕಾಯಿ ನೋಡುತ್ತಾಳೆ. ದೂರದಿಂದ ಬಂದ ಕಾಯಿ, ಹೇಗೋ ಒಣಗದೆ ಉಳಿದಿದೆ. ಹಳದಿ ಸಿಪ್ಪೆ ನಡುವೆ ಬಿರಿದಿದೆ. ಒಳಗೆ ಕಂದು ಬೀಜ, ಅದರ ಮೇಲೆ ಕೆಂಪು ಜಾಪತ್ರೆ ಬಲೆ ಹೆಣೆದ ಹಾಗೆ ಸುತ್ತಿಕೊಂಡಿದೆ. ಅವಳು ಕುಂಚ ತೆಗೆಯುತ್ತಾಳೆ. ಆದರೆ ಜಾಪತ್ರೆಯ ಆ ಕೆಂಪು ನಿಲ್ಲುವುದಿಲ್ಲ. ಒಣಗುತ್ತಾ ಹೋದ ಹಾಗೆ ಕಿತ್ತಳೆಗೆ ತಿರುಗುತ್ತದೆ, ಆಮೇಲೆ ಮಂಕು ಹಳದಿ. ಅವಳು ಬಣ್ಣ ಕಲಸುತ್ತಾಳೆ, ಕಾಗದಕ್ಕೆ ಹಚ್ಚುತ್ತಾಳೆ, ತಲೆ ಎತ್ತಿ ನೋಡಿದರೆ ಎದುರಿಗಿರುವ ಕೆಂಪು ಬೇರೆಯೇ ಆಗಿದೆ. ಮತ್ತೆ ಕಲಸುತ್ತಾಳೆ. ನಾವಿಕ ಪಕ್ಕದಲ್ಲಿ ನಿಂತು ಬಟ್ಟೆ ಒದ್ದೆ ಮಾಡಿ ಕಾಯಿಯ ಮೇಲೆ ಹಿಡಿಯುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಈ ನಾಲ್ಕು ಪುಟಗಳಲ್ಲಿ ಪ್ರೀತಿ ಅನ್ನುವ ಶಬ್ದ ಇಲ್ಲ, ಮೈ ತಾಗುವುದಿಲ್ಲ, ಕಣ್ಣು ಕೂಡುವುದಿಲ್ಲ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಪ್ರೇಮ ದೃಶ್ಯ ಇನ್ನೊಂದಿಲ್ಲ. ಮುಂದೆ ಬರುವ ಬೆಳದಿಂಗಳು, ಮಳೆ, ಹರಿದ ರವಿಕೆ ಎಲ್ಲ ಇದರ ಮುಂದೆ ಸಪ್ಪೆ.

ಯಾಕೆ ಹೀಗೆ ಅಂದರೆ, ಆ ದೃಶ್ಯದಲ್ಲಿ ಗಿಡ ಕೆಲಸ ಮಾಡುತ್ತಿದೆ. ಜಾಪತ್ರೆಯ ಬಣ್ಣ ಹೋಗುತ್ತದೆ ಅನ್ನುವುದು ಗಿಡದ ಸ್ವಭಾವ. ಅದರಿಂದ ಅವಸರ ಹುಟ್ಟಿತು, ಅವಸರದಿಂದ ಇಬ್ಬರೂ ಹತ್ತಿರ ಬಂದರು. ಲೇಖಕಿ ಏನನ್ನೂ ತುರುಕಬೇಕಾಗಲಿಲ್ಲ. ಉಳಿದ ಕಡೆ ಗಿಡ ಬರೀ ಅಲಂಕಾರ. ಪರಿಮಳ ಬೇಕಾದಾಗ ಲವಂಗ, ಬಣ್ಣ ಬೇಕಾದಾಗ ಜಾಪತ್ರೆ. ನನ್ನ ತಕರಾರು ಪೂರ್ತಿ ಇದೇ.

ಲವಂಗದ ವಿಷಯ ಸಣ್ಣದು, ಬೇಗ ಮುಗಿಸುತ್ತೇನೆ. ನಾಯಕಿ ಲವಂಗದ ಒಣ ಹೂಗಳನ್ನು ಮುಡಿಗೆ ಸಿಕ್ಕಿಸಿಕೊಳ್ಳುತ್ತಾಳೆ, ಅದರ ದಳಗಳು ಭುಜದ ಮೇಲೆ ಉದುರುತ್ತವೆ ಅಂತ ಬರೆದಿದ್ದಾರೆ. ನಾವು ಡಬ್ಬಿಯಲ್ಲಿ ಇಡುವ ಲವಂಗ ಅರಳದ ಮೊಗ್ಗು ಅಲ್ವಾ. ಹಸಿರು ಮೊಗ್ಗು ಕೆಂಪಗಾಗುವ ಹೊತ್ತಿಗೆ, ಬಿರಿಯುವ ಮೊದಲೇ ಕೊಯ್ದು ಒಣಗಿಸುತ್ತಾರೆ. ತಲೆಯ ಮೇಲಿನ ಆ ಸಣ್ಣ ಗುಂಡೇ ಮುಚ್ಚಿಕೊಂಡ ದಳ. ಒಣಗಿದ ಮೇಲೆ ಉದುರುವುದಕ್ಕೆ ಅರಳಿದ ದಳ ಎಲ್ಲಿಂದ ಬರಬೇಕು?

ಸಮುದ್ರಯಾನದ ಭಾಗ ಚೆನ್ನಾಗಿದೆ, ಅರ್ಧದವರೆಗೆ. ಗಿಡಗಳಿಗೆ ಸಿಹಿನೀರು ಕೊಡಬೇಕು, ಅದು ಜನರ ಪಾಲಿನಿಂದಲೇ ಹೋಗಬೇಕು. ಬಾಯಾರಿದ ನಾವಿಕರು ಗಿಡದ ಪೆಟ್ಟಿಗೆಯನ್ನು ದುರುಗುಟ್ಟಿ ನೋಡುತ್ತಾರೆ. ಒಬ್ಬ ಹುಡುಗ ರಾತ್ರಿ ಎದ್ದು ಎಲೆಯ ಮೇಲಿನ ಇಬ್ಬನಿ ನೆಕ್ಕುತ್ತಾನೆ. ಅಲೆಯ ಉಪ್ಪುನೀರು ಹಾರಿ ಬಿದ್ದಾಗಲೆಲ್ಲ ನಾಯಕ ಒಂದೊಂದು ಎಲೆಯನ್ನೂ ಒರೆಸುತ್ತಾನೆ. ಓದುತ್ತಾ ನನಗೂ ಬಾಯಿ ಒಣಗಿತು. ಆಗ ಗಿಡ ಸಾಗಿಸುವುದು ಹೀಗೇ ಇತ್ತು. ಮಣ್ಣು ತುಂಬಿದ ಮರದ ಪೆಟ್ಟಿಗೆ, ಉಪ್ಪುಗಾಳಿ, ಇಲಿ, ಬಿಸಿಲು. ಹೊರಟ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು.

ಆಮೇಲೆ ಲೇಖಕಿಗೆ ಕರುಣೆ ಬಂತು ಅಂತ ಕಾಣುತ್ತದೆ. ಹಡಗಿನ ವೈದ್ಯ ಬಂದು, ಗಾಳಿ ಆಡದ ಗಾಜಿನ ಪೆಟ್ಟಿಗೆಯೊಳಗೆ ಗಿಡ ಇಟ್ಟರೆ ನೀರೇ ಬೇಡ, ಒಳಗಿನ ತೇವ ಒಳಗೇ ಸುತ್ತುತ್ತದೆ ಅನ್ನುತ್ತಾನೆ. ಎಲ್ಲರೂ ಸೇರಿ ಕ್ಯಾಪ್ಟನ್ ಕೋಣೆಯ ಕಿಟಕಿ ಗಾಜು ಕಿತ್ತು ಪೆಟ್ಟಿಗೆ ಮಾಡುತ್ತಾರೆ. ಗಿಡ ಬದುಕುತ್ತದೆ. ನಾನು ಪುಸ್ತಕ ಮುಚ್ಚಿ ಎದ್ದು ಹೋದೆ. ಆ ಉಪಾಯ ಲಂಡನ್ನಿನ ನಥಾನಿಯಲ್ ವಾರ್ಡ್ ಅನ್ನುವ ವೈದ್ಯನದು. 1829ರ ಸುಮಾರಿಗೆ, ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯಲ್ಲಿ ಇಟ್ಟಿದ್ದಾಗ ಒಳಗಿನ ಮಣ್ಣಿನಲ್ಲಿ ಜರಿಗಿಡ ತಾನಾಗಿ ಮೊಳೆತದ್ದನ್ನು ಅವನು ನೋಡಿದ. 1833ರಲ್ಲಿ ಅಂಥ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳಿಸಿ ಪರೀಕ್ಷೆ ಮಾಡಿದ. ಕಥೆಯ ಕಾಲಕ್ಕೂ ಅದಕ್ಕೂ ಅರವತ್ತು ವರ್ಷಗಳ ಅಂತರ. ಇದು ಬರೀ ಇಸವಿಯ ತಪ್ಪಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ತೊಂದರೆ ಏನೆಂದರೆ, ಅಲ್ಲಿಯವರೆಗೆ ಕಟ್ಟಿದ್ದ ಬಿಗುವೆಲ್ಲ ಗಾಜಿನ ಪೆಟ್ಟಿಗೆ ಬಂದ ಕ್ಷಣ ಸಡಿಲವಾಯಿತು. ನೀರಿಗಾಗಿ ಮನುಷ್ಯನೋ ಗಿಡವೋ ಅನ್ನುವ ಪ್ರಶ್ನೆ ನಾಯಕನಿಗೆ ಬರಲೇಬೇಕಿತ್ತು. ಬರುವ ಮೊದಲೇ ತಪ್ಪಿಸಿಬಿಟ್ಟರು.

ಈಗ ದೊಡ್ಡ ದೂರು.

ನಾಯಕ ಹಡಗಿನಿಂದ ಇಳಿಯುವಾಗ ಕೋಟಿನೊಳಗೆ ಒಂದು ಜಾಯಿಕಾಯಿ ಸಸಿ ಬಚ್ಚಿಟ್ಟುಕೊಂಡು ಬರುತ್ತಾನೆ. ಒಂದೇ ಒಂದು. ಅದನ್ನು ನಾಯಕಿಯ ಕಿಟಕಿಯ ಕೆಳಗೆ ನೆಡುತ್ತಾನೆ. ಮುಂದಿನ ವರ್ಷ ಕಿಟಕಿ ತೆಗೆದರೆ ಮರದ ತುಂಬ ಕಡುಗೆಂಪು ಹೂ. ಅದರ ಮುಂದಿನ ಅಧ್ಯಾಯದಲ್ಲಿ ಕಾಯಿ. ಅವಳಿಗೆ ಅವನ ಪ್ರೀತಿ ಅರ್ಥವಾಗುತ್ತದೆ.

ಒಂದೊಂದಾಗಿ ನೋಡೋಣ. ಜಾಯಿಕಾಯಿ ಹೂ ಕಡುಗೆಂಪು ಅಲ್ಲ, ದೊಡ್ಡದೂ ಅಲ್ಲ. ತಿಳಿಹಳದಿ, ಮೇಣದಲ್ಲಿ ಮಾಡಿದಂಥ ಪುಟ್ಟ ಗಂಟೆ, ತಲೆ ಕೆಳಗೆ ಮಾಡಿ ಎಲೆಗಳ ನಡುವೆ ಅಡಗಿಕೊಂಡಿರುತ್ತದೆ. ಹುಡುಕಿದರೆ ಮಾತ್ರ ಕಾಣುತ್ತದೆ. ಕೆಂಪು ಇರುವುದು ಕಾಯಿಯ ಒಳಗಿನ ಜಾಪತ್ರೆಯಲ್ಲಿ. ಅದನ್ನೇ ಒಂಬತ್ತನೇ ಅಧ್ಯಾಯದಲ್ಲಿ ಅಷ್ಟು ಚೆನ್ನಾಗಿ ಬರೆದವರು ಹೂವಿನ ಹತ್ತಿರ ಬಂದಾಗ ಯಾಕೆ ಎಡವಿದರೋ. ಇನ್ನು ಒಂದೇ ವರ್ಷಕ್ಕೆ ಹೂವಂತೂ ಆಗದ ಮಾತು. ಬೀಜದಿಂದ ಬಂದ ಸಸಿ ಹೂ ಬಿಡುವುದಕ್ಕೆ ಐದಾರು ವರ್ಷ ಬೇಕು. ಕೆಲವು ಎಂಟು ವರ್ಷ ಕಾಯಿಸುತ್ತವೆ. ಹೂವಾದ ಮೇಲೆ ಕಾಯಿ ಬಲಿಯಲು ಇನ್ನೂ ಆರರಿಂದ ಒಂಬತ್ತು ತಿಂಗಳು.

ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಸಿ ನೋಡಿ ಯಾವುದು ಅಂತ ಹೇಳಲು ಬರುವುದಿಲ್ಲ. ಎಲೆ ಒಂದೇ, ಕಾಂಡ ಒಂದೇ. ಮೊದಲ ಹೂ ಬಂದ ಮೇಲೆ ಒಂದನ್ನು ಕಿತ್ತು ಉಗುರಿನಿಂದ ಸೀಳಿ ನೋಡಬೇಕು. ಗಂಡು ಹೂವಾದರೆ ಒಳಗೆ ಕೇಸರಗಳೆಲ್ಲ ಕೂಡಿಕೊಂಡು ಸಣ್ಣ ಕಂಬದ ಹಾಗೆ ನಿಂತಿರುತ್ತವೆ. ಹೆಣ್ಣಾದರೆ ತಳದಲ್ಲಿ ಉಬ್ಬಿದ ಅಂಡಾಶಯ. ಗಂಡು ಹೂ ಗೊಂಚಲಾಗಿ ಬರುತ್ತವೆ, ಹೆಣ್ಣು ಹೂ ಹೆಚ್ಚಾಗಿ ಒಂಟಿ. ಬೀಜ ಬಿತ್ತಿದರೆ ಸುಮಾರು ಅರ್ಧಕ್ಕರ್ಧ ಗಂಡು ಹುಟ್ಟುತ್ತವೆ. ಹತ್ತು ಹೆಣ್ಣು ಮರಕ್ಕೆ ಒಂದು ಗಂಡು ಸಾಕು, ಹಾಗಾಗಿ ಬೆಳೆಗಾರರು ವರ್ಷಗಟ್ಟಲೆ ನೀರುಣಿಸಿ ಸಾಕಿದ ಗಂಡು ಮರಗಳನ್ನು ಕಡಿದುಹಾಕಬೇಕಾಗುತ್ತದೆ. ಈಗ ಕಸಿ ಕಟ್ಟುವ ಪದ್ಧತಿ ಬಂದು ಈ ಕಷ್ಟ ಕಡಿಮೆಯಾಗಿದೆ. 1770ರಲ್ಲಿ ಆ ದಾರಿ ಇರಲಿಲ್ಲ.

ಈಗ ಆ ನಾಯಕನನ್ನು ನೆನೆಸಿಕೊಳ್ಳಿ. ಜೀವ ಪಣಕ್ಕಿಟ್ಟು ಒಂದೇ ಸಸಿ ತಂದಿದ್ದಾನೆ. ಅದು ಗಂಡಾದರೆ ಕಾಯಿ ಇಲ್ಲ. ಹೆಣ್ಣಾದರೂ ಜೊತೆಗೆ ಗಂಡು ಮರ ಇಲ್ಲದೆ ಕಾಯಿ ಇಲ್ಲ. ಮೂರು ಸಸಿ ತಂದಿದ್ದರೂ ಮೂರೂ ಒಂದೇ ಲಿಂಗದವಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದು ಗೊತ್ತಾಗುವುದು ಆರೇಳು ವರ್ಷ ಕಾದ ಮೇಲೆ. ಅಷ್ಟರಲ್ಲಿ ನಾಯಕಿಗೆ ಮದುವೆಯ ಒತ್ತಡ, ನಾವಿಕ ಯಾವ ಸಮುದ್ರದಲ್ಲಿ ಇದ್ದಾನೋ ಗೊತ್ತಿಲ್ಲ, ಕಿಟಕಿಯ ಕೆಳಗಿನ ಮರ ವರ್ಷವರ್ಷಕ್ಕೂ ಎತ್ತರ ಆಗುತ್ತಿದೆ, ಏನನ್ನೂ ಹೇಳುತ್ತಿಲ್ಲ. ಒಂದು ಬೆಳಿಗ್ಗೆ ಹಳದಿ ಮೊಗ್ಗು. ಅವಳು ಮೇಜಿನ ಮೇಲೆ ಹೂ ಇಟ್ಟು ಸೀಳುತ್ತಾಳೆ. ಚಿತ್ರಗಾರ್ತಿ, ಒಳಗೆ ಏನಿದೆ ಅಂತ ನೋಡಿ ಬಿಡಿಸಬಲ್ಲ ಹೆಣ್ಣು. ಕಥೆಯ ಗಂಟು ಅಲ್ಲಿದೆ ಅಲ್ವಾ? ಗಿಡವೇ ಸಿದ್ಧಮಾಡಿ ಕೊಟ್ಟದ್ದನ್ನು ಬಿಟ್ಟು ಮುದುಕನ ಸಂಬಂಧ, ಕದ್ದ ಪತ್ರ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ದಾಸಿ ಅಂತ ನೂರು ಪುಟ ಹೊಸೆದಿದ್ದಾರೆ.

ಹೇಳುತ್ತಾ ಹೋದರೆ ಇನ್ನೂ ಇದೆ. ಡಚ್ಚರು ಜಾಯಿಕಾಯಿ ಬೀಜ ಮಾರುವ ಮೊದಲು ಸುಣ್ಣದ ನೀರಿನಲ್ಲಿ ಅದ್ದುತ್ತಿದ್ದರು, ಯಾರೂ ಮೊಳಕೆ ಬರಿಸಬಾರದು ಅಂತ. ಸುಣ್ಣ ಇಲ್ಲದಿದ್ದರೂ ಒಣಗಿದ ಬೀಜ ಮೊಳೆಯುವುದಿಲ್ಲ. ಜೀವ ಇರುವುದು ಹಸಿಯಾಗಿದ್ದಾಗ ಮಾತ್ರ. ಕದಿಯುವವನು ಒಣ ಬೀಜ ಜೇಬಿಗೆ ಹಾಕಿಕೊಂಡು ಬರಲು ಆಗದು, ಮಣ್ಣು, ತೇವ, ಸಮಯ ಎಲ್ಲ ಬೇಕು. ಇಷ್ಟೆಲ್ಲ ಕಾವಲಿನ ನಡುವೆ ದೊಡ್ಡ ಪಾರಿವಾಳಗಳು ಜಾಪತ್ರೆಯ ಆಸೆಗೆ ಬೀಜವನ್ನು ಇಡಿಯಾಗಿ ನುಂಗಿ, ಹಾರಿಹೋಗಿ, ಬೇರೆ ಕಡೆ ಉದುರಿಸುತ್ತಿದ್ದವು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಯಾವ ಹಡಗನ್ನು ಬೇಕಾದರೂ ತಡೆಯಬಹುದು, ಹಕ್ಕಿಯನ್ನು ತಡೆಯುವುದು ಹೇಗೆ? ಕಾದಂಬರಿಯಲ್ಲಿ ಪಾರಿವಾಳಕ್ಕೆ ಒಂದು ಸಾಲು ಸಿಕ್ಕಿದೆ. ಅದೂ ಸಂಜೆಯ ವರ್ಣನೆಯಲ್ಲಿ, ಆಕಾಶದಲ್ಲಿ ಹಾರಿಹೋಗುವ ಕೆಲಸಕ್ಕೆ.

ನಾಯಕಿಯ ವಿಷಯಕ್ಕೆ ಬರೋಣ. ಮೊದಲ ಅರ್ಧದಲ್ಲಿ ಅವಳು ಇಷ್ಟವಾಗುತ್ತಾಳೆ. ಹಟಮಾರಿ, ಬಾಯಿ ಜೋರು, ಕೈ ಬೆರಳಲ್ಲಿ ಸದಾ ಬಣ್ಣ. ತನ್ನ ಚಿತ್ರದ ಕೆಳಗೆ ಮಾವನ ಹೆಸರು ಬಿದ್ದಾಗ ಅವಳಿಗೆ ಬರುವ ಸಿಟ್ಟು ನಿಜವಾಗಿದೆ. ಪ್ರೀತಿ ಶುರುವಾದ ಮೇಲೆ ಚಿತ್ರ ಬಿಡಿಸುವುದೇ ನಿಂತುಹೋಗುತ್ತದೆ. ಕುಂಚ ಹಿಡಿದ ಕೈ ಕೊನೆಯ ಅರ್ಧದಲ್ಲಿ ಬರೀ ಕರವಸ್ತ್ರ ಹಿಡಿಯುತ್ತದೆ. ಲೇಖಕಿಯರೇ ಹೀಗೆ ಮಾಡಿದರೆ ಬೇರೆಯವರಿಗೆ ಏನು ಹೇಳುವುದು.

ಇಲ್ಲೇ ನನಗೆ ಜಾಸ್ತಿ ಬೇಜಾರಾದದ್ದು. ಅದೇ ದ್ವೀಪದಲ್ಲಿ, ಅದೇ ವರ್ಷ, ಅದೇ ಪುವಾವ್ರ್‌ನ ಆಶ್ರಯದಲ್ಲಿ ಒಬ್ಬ ನಿಜವಾದ ಹೆಂಗಸು ಇದ್ದಳು. ಜಾನ್ ಬಾರೆ. ಫ್ರಾನ್ಸಿನ ಬರ್ಗಂಡಿಯ ಬಡವರ ಮನೆಯವಳು, 1740ರಲ್ಲಿ ಹುಟ್ಟಿದವಳು. ಫಿಲಿಬೇರ್ ಕೊಮೆರ್ಸಾಂ ಅನ್ನುವ ಸಸ್ಯಶಾಸ್ತ್ರಜ್ಞನ ಮನೆ ನೋಡಿಕೊಳ್ಳುತ್ತಿದ್ದಳು. ಅವನ ಹೆಂಡತಿ ಹೆರಿಗೆಯ ನಂತರ ತೀರಿಕೊಂಡಿದ್ದಳು. ಇವರಿಬ್ಬರ ನಡುವೆ ಸಂಬಂಧ ಬೆಳೆಯಿತು. ಅಷ್ಟರಲ್ಲಿ ಬೂಗನ್‌ವಿಲ್‌ನ ಭೂಪ್ರದಕ್ಷಿಣೆಯ ಯಾತ್ರೆಗೆ ಕೊಮೆರ್ಸಾಂಗೆ ಕರೆ ಬಂತು. ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತುವಂತಿಲ್ಲ. 1767ರ ಆರಂಭದಲ್ಲಿ ಅವಳು ಗಂಡಸಿನ ವೇಷ ಹಾಕಿ, ಎದೆಗೆ ಬಟ್ಟೆ ಬಿಗಿದು, ಅವನ ಸಹಾಯಕನಾಗಿ ಹಡಗು ಹತ್ತಿದಳು. ಅವನ ಕಾಲಿಗೆ ಹುಣ್ಣು, ನಡೆಯಲಾಗುತ್ತಿರಲಿಲ್ಲ. ಗುಡ್ಡ ಹತ್ತಿ ಗಿಡ ಕಿತ್ತು ತರುವುದು, ಭಾರ ಹೊರುವುದು, ಒತ್ತಿ ಒಣಗಿಸುವುದು ಹೆಚ್ಚಾಗಿ ಇವಳದೇ ಪಾಲು. ರಿಯೊ ಡಿ ಜನೈರೊ ಹತ್ತಿರ ಸಿಕ್ಕ ಒಂದು ಬಳ್ಳಿಗೆ ಯಾತ್ರೆಯ ನಾಯಕನ ಹೆಸರು ಇಟ್ಟರು. ನಾವು ಕಾಗದದ ಹೂ ಅನ್ನುತ್ತೇವಲ್ಲ, ಆ ಬೂಗನ್‌ವಿಲಿಯಾ. ಬಾರೆಯ ಹೆಸರಿನ ಗಿಡ ಬೇಕಾದರೆ 2012ರವರೆಗೆ ಕಾಯಬೇಕಾಯಿತು. ಬದನೆ, ಆಲೂಗಡ್ಡೆಯ ಕುಲದ ಒಂದು ಬಳ್ಳಿಗೆ ಸೊಲಾನಮ್ ಬಾರೆಟಿಯೆ ಅಂತ ಇಟ್ಟರು.

1768ರಲ್ಲಿ ತಹಿತಿಯಲ್ಲಿ ಅವಳ ಗುಟ್ಟು ಬಯಲಾಯಿತು ಅಂತ ಬೂಗನ್‌ವಿಲ್ ಬರೆದಿದ್ದಾನೆ. ಆ ವರ್ಷದ ಕೊನೆಗೆ ಹಡಗು ಐಲ್ ದ ಫ್ರಾನ್ಸ್ ಮುಟ್ಟಿದಾಗ ಇಬ್ಬರೂ ಅಲ್ಲೇ ಇಳಿದುಕೊಂಡರು. ಪುವಾವ್ರ್ ಕೊಮೆರ್ಸಾಂನ ಗೆಳೆಯ, ಅತಿಥಿಗಳಾಗಿ ಇಟ್ಟುಕೊಂಡ. 1773ರಲ್ಲಿ ಕೊಮೆರ್ಸಾಂ ಅಲ್ಲೇ ಸತ್ತ. ಕೈಯಲ್ಲಿ ಕಾಸಿಲ್ಲದೆ ಉಳಿದ ಬಾರೆ ಪೋರ್ಟ್ ಲೂಯಿಯಲ್ಲಿ ಹೆಂಡದಂಗಡಿ ನಡೆಸಿದಳು. 1774ರಲ್ಲಿ ಒಬ್ಬ ಸೈನಿಕನನ್ನು ಮದುವೆಯಾಗಿ ಫ್ರಾನ್ಸಿಗೆ ಮರಳಿದಳು. ಹಾಗೆ ಭೂಮಿ ಸುತ್ತಿದ ಮೊದಲ ಹೆಂಗಸು ಅನ್ನಿಸಿಕೊಂಡಳು. 1785ರಲ್ಲಿ ನೌಕಾ ಇಲಾಖೆ ಅವಳಿಗೆ ವರ್ಷಕ್ಕೆ 200 ಲಿವ್ರ್ ಪಿಂಚಣಿ ಕೊಟ್ಟಿತು. ಹೆಂಗಸು ಹಡಗು ಹತ್ತಬಾರದು ಅಂತ ಕಾನೂನು ಇಟ್ಟುಕೊಂಡಿದ್ದ ಇಲಾಖೆಯೇ.

ಕಾದಂಬರಿಯಲ್ಲಿ ಇವಳು ಇಲ್ಲ. ಒಂದು ಊಟದ ದೃಶ್ಯದಲ್ಲಿ 'ಗಂಡಸಿನ ವೇಷ ಹಾಕಿದ ಯಾವಳೋ ಒಬ್ಬಳು' ಅಂತ ಯಾರೋ ನಗುತ್ತಾರೆ, ಅಷ್ಟೇ. ನನಗೆ ಆ ಊಟದ ಮೇಜಿನ ಕೆಳಗಿಂದ ಇನ್ನೊಂದು ಕಾದಂಬರಿ ಇಣುಕಿದ ಹಾಗಾಯಿತು. ನಾಯಕಿ ಮತ್ತು ಬಾರೆ ಒಂದು ಸಲ ಎದುರಾಗಿದ್ದರೆ ಸಾಕಿತ್ತು. ಒಬ್ಬಳು ಗಿಡ ಬಿಡಿಸುವವಳು, ಇನ್ನೊಬ್ಬಳು ಗಿಡ ಹೊತ್ತವಳು. ಇಬ್ಬರ ಕೆಲಸಕ್ಕೂ ಗಂಡಸರ ಹೆಸರು. ಎಷ್ಟು ಮಾತಾಡಬಹುದಿತ್ತು.

ಇನ್ನೊಂದು ವಿಷಯ. ಪ್ರೇಮ ಕಾದಂಬರಿಯಲ್ಲಿ ರಕ್ತ ಯಾಕೆ ಅಂತ ಕೇಳುವವರು ಇದ್ದಾರೆ. ನಾನು ಪಾಠ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇನೆ. ಮೊಲುಕ್ಕಾಸ್‌ನ ಬಾಂಡಾ ದ್ವೀಪಗಳು ಜಾಯಿಕಾಯಿಯ ತವರು. 1621ರಲ್ಲಿ ಡಚ್ ಕಂಪನಿಯ ಯಾನ್ ಪೀಟರ್‌ಸೋನ್ ಕೂನ್ ಅಲ್ಲಿಗೆ ಪಡೆ ತಂದ. ಸುಮಾರು ಹದಿನೈದು ಸಾವಿರ ಜನ ಇದ್ದರು ಅಂತ ಅಂದಾಜು. ಕೊಂದು, ಹಸಿವಿಗೆ ಕೆಡವಿ, ಹಡಗಿಗೆ ತುಂಬಿ ಸಾಗಿಸಿದ ಮೇಲೆ ಉಳಿದವರು ಒಂದು ಸಾವಿರದಷ್ಟು. ಆಮೇಲೆ ತೋಟಗಳನ್ನು ಹಂಚಿಕೊಂಡು, ಬೇರೆ ಕಡೆಯಿಂದ ಗುಲಾಮರನ್ನು ತಂದು ದುಡಿಸಿದರು. ಅಲ್ಲೇ ಇರುವ ರನ್ ಅನ್ನುವ ಪುಟ್ಟ ದ್ವೀಪದ ಮೇಲಿನ ಹಕ್ಕನ್ನು ಇಂಗ್ಲಿಷರು 1667ರ ಬ್ರೆಡಾ ಒಪ್ಪಂದದಲ್ಲಿ ಬಿಟ್ಟುಕೊಟ್ಟರು. ಅತ್ತ ಮ್ಯಾನ್‌ಹಟನ್ ಇಂಗ್ಲಿಷರಿಗೇ ಉಳಿಯಿತು. ಇದನ್ನೆಲ್ಲ ಲೇಖಕಿ ಓದಿದ್ದಾರೆ. ಎರಡನೇ ಅಧ್ಯಾಯದಲ್ಲಿ ಮಾವ ಊಟ ಮಾಡುತ್ತಾ ಇಸವಿ ಸಮೇತ ಒಪ್ಪಿಸುತ್ತಾನೆ. ಮಾಹಿತಿ ಪೂರ್ತಿ ಮಾವನ ಬಾಯಲ್ಲಿ, ಕಥೆಯಲ್ಲಿ ಶೂನ್ಯ. ನಾಯಕ ಗಿಡ ಕದಿಯಲು ಹೋದ ದ್ವೀಪದಲ್ಲಿ ಮನುಷ್ಯರೇ ಕಾಣುವುದಿಲ್ಲ. ನಿಜದಲ್ಲಿ ಫ್ರೆಂಚರಿಗೆ ಗಿಡ ದಕ್ಕಿದ್ದು ಡಚ್ಚರ ಹಿಡಿತದ ಅಂಚಿನಲ್ಲಿದ್ದ ಗೆಬೆ ದ್ವೀಪದ ಕಡೆಯ ಸ್ಥಳೀಯರು ನೆರವಾದದ್ದರಿಂದ. ಅವರು ಯಾಕೆ ಸಹಾಯ ಮಾಡಿದರು, ಡಚ್ಚರ ಮೇಲೆ ಅವರಿಗೆ ಏನು ಸಿಟ್ಟಿತ್ತು, ಅದು ಒಂದು ಅಧ್ಯಾಯಕ್ಕೆ ಆಗುವ ಸರಕು.

ಪಾಂಪ್ಲ್‌ಮೂಸ್ ತೋಟದಲ್ಲೂ ಇದೇ ಕಥೆ. ಗಿಡಗಳಿಗೆ ನೀರು ತಾನಾಗಿ ಬೀಳುತ್ತದೆ, ಹೊಂಡ ತಾನಾಗಿ ತೋಡಿಕೊಳ್ಳುತ್ತದೆ. ಐಲ್ ದ ಫ್ರಾನ್ಸಿನಲ್ಲಿ ಆ ಕೆಲಸ ಮಾಡಿದವರು ಗುಲಾಮರು. ಪಕ್ಕದ ಬೂರ್ಬೋನ್ ದ್ವೀಪದಲ್ಲಿ, ಈಗಿನ ರಿಯೂನಿಯನ್‌ನಲ್ಲಿ, 1841ರಲ್ಲಿ ವೆನಿಲಾ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಸುಲಭದ ದಾರಿ ತೋರಿಸಿದ್ದು ಎಡ್ಮಂಡ್ ಅನ್ನುವ ಹನ್ನೆರಡು ವರ್ಷದ ಗುಲಾಮ ಹುಡುಗ. ಒಂದು ಕಡ್ಡಿ, ಒಂದು ಹೆಬ್ಬೆರಳು, ಅಷ್ಟೇ. ಇವತ್ತಿಗೂ ವೆನಿಲಾ ಬೆಳೆಯುವವರು ಅವನು ತೋರಿಸಿದ ಹಾಗೇ ಮಾಡುತ್ತಾರೆ. ಅಂದರೆ ಗಿಡದ ಗುಟ್ಟು ಗೊತ್ತಿದ್ದವರು ಯಾರು ಅನ್ನುವುದನ್ನು ಈ ಕಾದಂಬರಿಗಳು ತಪ್ಪು ಕೋಣೆಯಲ್ಲಿ ಹುಡುಕುತ್ತಿವೆ. ದೀಪ ಹಚ್ಚಿದ ಓದುವ ಕೋಣೆ ಬಿಟ್ಟು ತೋಟಕ್ಕೆ ಇಳಿಯಬೇಕು.

ನಾಯಕನ ಬಗ್ಗೆ ಹೆಚ್ಚೇನೂ ಹೇಳುವುದಕ್ಕೆ ಇಲ್ಲ. ಎತ್ತರ ಇದ್ದಾನೆ, ಗಾಯದ ಗುರುತಿದೆ, ಹಿಂದಿನ ದುಃಖ ಒಂದಿದೆ. ಎಲೆ ಒರೆಸುವಾಗ ಮಾತ್ರ ಮನುಷ್ಯನ ಹಾಗೆ ಕಾಣುತ್ತಾನೆ.

ಭಾಷೆ ಸರಳ, ಇಂಗ್ಲಿಷ್ ಓದಿ ರೂಢಿ ಇರುವವರಿಗೆ ಎಲ್ಲೂ ತಡೆ ಆಗುವುದಿಲ್ಲ. ಪ್ರಣಯದ ದೃಶ್ಯಗಳು ಮೂರು, ಮೂರೂ ಮರ್ಯಾದೆಯಾಗಿವೆ. ಅಧ್ಯಾಯಗಳು ಚಿಕ್ಕವು. ನಡುವಿನ ಪತ್ರ ಕದಿಯುವ ಪ್ರಸಂಗವನ್ನು ಹಾರಿಸಿದರೂ ಏನೂ ನಷ್ಟವಿಲ್ಲ. ಆಡಿಯೋ ಆವೃತ್ತಿಯನ್ನೂ ಸ್ವಲ್ಪ ಕೇಳಿದೆ. ಓದಿದವರ ದನಿ ಹಿತವಾಗಿದೆ, ಹಡಗಿನ ಭಾಗಕ್ಕೆ ಚೆನ್ನಾಗಿ ಒಪ್ಪುತ್ತದೆ, ಆದರೆ ನಾಯಕ ಮಾತಾಡುವಾಗಲೆಲ್ಲ ದನಿ ದಪ್ಪ ಮಾಡುವುದು ಕೇಳಲಾಗದು.

ಐದಕ್ಕೆ ಮೂರು ಕೊಡುತ್ತೇನೆ. ಒಂಬತ್ತನೇ ಅಧ್ಯಾಯ ಇಲ್ಲದಿದ್ದರೆ ಎರಡು. ಪ್ರೇಮಕಥೆ ಓದಿ ಸಂಜೆ ಕಳೆದರೆ ಸಾಕು ಅನ್ನುವವರು ಧೈರ್ಯವಾಗಿ ತೆಗೆದುಕೊಳ್ಳಿ, ನಿರಾಸೆ ಆಗುವುದಿಲ್ಲ. ಗಿಡದ ಹುಚ್ಚು ಇರುವವರು ಪೆನ್ಸಿಲ್ ಪಕ್ಕದಲ್ಲಿ ಇಟ್ಟುಕೊಂಡು ಕುಳಿತುಕೊಳ್ಳಿ, ಪುಟದ ಅಂಚಿನಲ್ಲಿ ಜಗಳ ಆಡುವುದರಲ್ಲೂ ಒಂದು ಮಜಾ ಇದೆ. ಕೊಳ್ಳುವುದಾದರೆ ಅಚ್ಚಿನ ಪ್ರತಿಯನ್ನೇ ಕೊಳ್ಳಿ. ಮೊದಲ ಪುಟದಲ್ಲಿ ಒಂದು ಒಳ್ಳೆಯ ನಕ್ಷೆ ಇದೆ, ಐಲ್ ದ ಫ್ರಾನ್ಸ್‌ನಿಂದ ಮೊಲುಕ್ಕಾಸ್‌ವರೆಗೆ ಹಡಗಿನ ದಾರಿ ಹಾಕಿದ್ದಾರೆ. ಇ-ಪುಸ್ತಕದಲ್ಲಿ ಅದು ಹೆಬ್ಬೆಟ್ಟಿನಷ್ಟು ಚಿಕ್ಕದಾಗಿ ಬರುತ್ತದೆ, ಎಷ್ಟು ಹಿಗ್ಗಿಸಿದರೂ ಊರುಗಳ ಹೆಸರು ಓದಲಾಗುವುದಿಲ್ಲ.